ಬಸುರಿಯ ತಪಾಸಣೆ ಬೆಳೆದು ಬಂದ ದಾರಿ

ಹಾಲಿನ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬಸುರಿ ಬಾಣಂತಿಯರ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣವಿದೆ. ಹಸುವಿಗೆ ಇಂಜೆಕ್ಷನ್ ಕೊಡಿಸಿದ ತಾರೀಖನ್ನು ಬರೆದಿಡುತ್ತೇವೆ. ಮೂರು ತಿಂಗಳಿಗೆ ಡಾಕ್ಟರನ್ನು ಕರೆಸಿ ಗಬ್ಬ ನಿಂತಿದೆಯೋ ಇಲ್ಲವೋ ನೋಡಿಸುತ್ತೇವೆ. ಕೊನೆಯ ಎರಡು ತಿಂಗಳು ಹಾಲು ಬತ್ತಿಸುತ್ತೇವೆ. ಇಷ್ಟು ಲೆಕ್ಕವನ್ನು ಮನೆಯ ಸೊಸೆಗೆ ಇಟ್ಟಿದ್ದೆವೆಯೇ?

"ಹೆರಿಗೆ ಅಂದ್ರೆ ಹೆಂಗಸಿಗೆ ಮರುಹುಟ್ಟು ಕಣಪ್ಪ" ಎಂದು ನಮ್ಮ ಅಜ್ಜಿಯರು ಸುಮ್ಮನೆ ಹೇಳುತ್ತಿರಲಿಲ್ಲ. ಸೂಲಗಿತ್ತಿಯರ ಉಪಕಾರ ದೊಡ್ಡದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಆದರೆ ಸೂಲಗಿತ್ತಿಗೆ ಹೆಚ್ಚಾಗಿ ಕರೆ ಹೋಗುತ್ತಿದ್ದುದು ನೋವು ಕಾಣಿಸಿಕೊಂಡ ಮೇಲೆ. ನಮ್ಮ ಕೇರಿಯಲ್ಲೇ ಒಬ್ಬ ಹೆಣ್ಣುಮಗಳಿಗೆ ಎಂಟನೇ ತಿಂಗಳಲ್ಲಿ ಕಾಲು, ಮುಖ ಊದಿಕೊಂಡಿತು. "ಬಸುರೀಲಿ ಇದೆಲ್ಲ ಇದ್ದದ್ದೇ" ಎಂದೆವು. ಫಿಟ್ಸ್ ಬಂದಾಗ ಗಾಡಿ ಹುಡುಕಿದೆವು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ರಕ್ತದ ಒತ್ತಡವನ್ನು ಒಂದು ಸಲವೂ ನೋಡಿಸಿರಲಿಲ್ಲ. ತಪ್ಪು ನಮ್ಮೆಲ್ಲರದು.

ನೋವು ಬರುವ ಮುಂಚೆಯೇ ಬಸುರಿಯನ್ನು ನೋಡಬೇಕೆಂಬ ವ್ಯವಸ್ಥೆ ಬಹಳ ಹಳೆಯದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಡಾ. ಬ್ಯಾಲಂಟೈನ್ ಎಂಬುವರು ಗರ್ಭಿಣಿಯರಿಗೇ ಪ್ರತ್ಯೇಕ ಆಸ್ಪತ್ರೆ ಬೇಕೆಂದು 1901ರಲ್ಲಿ ಬರೆದರು. ಮೊದಲಿಗೆ ಸಿಕ್ಕಿದ್ದು ಒಂದೇ ಒಂದು ಹಾಸಿಗೆ! 1915ರಲ್ಲಿ ಅಲ್ಲಿ ತಪಾಸಣಾ ಕೇಂದ್ರ ಶುರುವಾಯಿತು. 1929ರಲ್ಲಿ ಬ್ರಿಟನ್ ಸರ್ಕಾರ 16, 24, 28ನೇ ವಾರಗಳಲ್ಲಿ, ಆಮೇಲೆ 36ನೇ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ನಂತರ ವಾರಕ್ಕೊಮ್ಮೆ ತಪಾಸಣೆ ಎಂದು ಕ್ರಮ ಗೊತ್ತುಮಾಡಿತು.

ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರು ಸಾಯುತ್ತಿದ್ದಾರೆಂದು ಭೋರ್ ಸಮಿತಿ 1946ರ ವರದಿಯಲ್ಲಿ ಅಂದಾಜು ಮಾಡಿತು. 1952ರಿಂದ ಹಳ್ಳಿಗಾಡಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. 1970ರಲ್ಲಿ ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಯ ಕಾರ್ಯಕ್ರಮ ಬಂತು. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆಗೆ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿದ್ದು ಟಿ. ನರಸೀಪುರವನ್ನು. 2005ರ ನಂತರ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬಂದರು. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ದಿನವಾಯಿತು.

ಫಲ ಕಣ್ಣೆದುರಿಗಿದೆ. ಕರ್ನಾಟಕದಲ್ಲಿ 2001–03ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು; 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ತಪಾಸಣೆಯೊಂದರಿಂದಲೇ ಇದಾಯಿತೆಂದಲ್ಲ, ಆಸ್ಪತ್ರೆ ಹೆರಿಗೆ, ವಾಹನ, ರಕ್ತದ ಸೌಲಭ್ಯ ಎಲ್ಲ ಸೇರಿದೆ. ಆದರೆ ಯಾರಿಗೆ ಅಪಾಯವಿದೆಯೆಂದು ಮೊದಲೇ ತಿಳಿಯುವುದು ತಪಾಸಣೆಯಿಂದಲೇ.

ಕನಿಷ್ಠ ನಾಲ್ಕು ಸಲ ಹೋಗಲೇಬೇಕು: ಮೊದಲ ಮೂರು ತಿಂಗಳೊಳಗೆ ಹೆಸರು ಬರೆಸುವಾಗ ಒಮ್ಮೆ, ಆಮೇಲೆ 14ರಿಂದ 26, 28ರಿಂದ 34ನೇ ವಾರಗಳ ನಡುವೆ ಒಂದೊಂದು ಸಲ, 36ನೇ ವಾರದ ಮೇಲೆ ಮತ್ತೊಮ್ಮೆ. ಎಂಟು ಸಲವಾದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ತೂಕ, ರಕ್ತದ ಒತ್ತಡ, ರಕ್ತ, ಮೂತ್ರ, ಮಗುವಿನ ಎದೆಬಡಿತ, ಧನುರ್ವಾಯು ಚುಚ್ಚುಮದ್ದು ಇವು ಮುಖ್ಯ. ಕಣ್ಣು ಮಂಜಾಗುವುದು, ವಿಪರೀತ ತಲೆನೋವು, ಮುಖದ ಊತ, ರಕ್ತಸ್ರಾವ ಕಂಡರೆ ಸರದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಸುರಿ ಒಬ್ಬಳೇ ಹೋಗಲಿ ಎನ್ನಬೇಡಿ. ಗಂಡನೋ ಅತ್ತೆಯೋ ಜೊತೆಗೆ ಹೋಗಲಿ. ಬೆಳಿಗ್ಗೆ ಹಾಲು ಹಾಕಲು ಬಂದಾಗ "ನಿಮ್ಮ ಸೊಸೆ ತಾಯಿ ಕಾರ್ಡು ಮಾಡಿಸಿದ್ದೀರೇನಮ್ಮ?" ಎಂದು ಒಬ್ಬರನ್ನೊಬ್ಬರು ಕೇಳೋಣ. ಹಸುವಿಗಿರುವ ಲೆಕ್ಕ ತಾಯಿಗೂ ಇರಲಿ. ಸಹಕಾರವೆಂದರೆ ಇದೂ ಹೌದಲ್ಲವೇ?