ಕುಮ್ಕಿಯ ನೂರು ಗಜ: ಪಡೀಲಿನ ಅಂಚಿನಲ್ಲಿ ಭೂ ಹಕ್ಕಿನ ಗ್ರಹಿಕೆ

ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಕಚೇರಿ 2025ರಲ್ಲಿ ಪಡೀಲಿನ ಪ್ರಜಾಸೌಧಕ್ಕೆ ಬಂತು. ಕಣ್ಣೂರು, ಅಡ್ಯಾರ್ ಕಡೆಯ ಗದ್ದೆ-ಗುಡ್ಡಗಳು ಮಂಗಳೂರು ನಗರದೊಳಗೆ ಕರಗುತ್ತಿರುವ ಅಂಚು ಇದು. ಇಲ್ಲಿ ಜಾಗ ನೋಡಲು ಬಂದವರು ಒಡೆಯನ ಹೆಸರು ಕೇಳುವ ಮೊದಲೇ ಅದು ವರ್ಗವೋ (ಪಟ್ಟಾ ಜಮೀನೋ) ಕುಮ್ಕಿಯೋ ಎಂದು ವಿಚಾರಿಸುತ್ತಾರೆ. ಹಕ್ಕಿನ ಭದ್ರತೆಯನ್ನು ಈ ಭಾಗದ ಜನ ಹೇಗೆ ಅಳೆಯುತ್ತಾರೆ ಎಂಬುದಕ್ಕೆ ಆ ಪ್ರಶ್ನೆಯೇ ಸಾಕ್ಷಿ.

ಫಸಲಿ 1276ಕ್ಕೆ, ಅಂದರೆ 1866ಕ್ಕೆ ಮೊದಲು ಸಾಗುವಳಿಯಲ್ಲಿದ್ದ ಕದೀಂ ವರ್ಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗವೇ ಕುಮ್ಕಿ. ವರ್ಗದಾರ ಅಲ್ಲಿಂದ ಸೊಪ್ಪು, ತರಗೆಲೆ, ಕಟ್ಟಿಗೆ, ಕೃಷಿಗೆ ಬೇಕಾದ ಮರಮಟ್ಟು ತರಬಹುದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಮು ಬಾಣೆ, ಕಾನೆ, ಸೊಪ್ಪಿನಬೆಟ್ಟಗಳೊಂದಿಗೆ ಈ ಸವಲತ್ತನ್ನೂ ಉಳಿಸಿತು. ಒಡೆತನವನ್ನು ಮಾತ್ರ ಕೊಡಲಿಲ್ಲ. ಕೃಷಿಕನ ಲೆಕ್ಕ ಬೇರೆ. ಹಟ್ಟಿಗೆ ಸೊಪ್ಪು ಬೀಳದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಗದ್ದೆಯೂ ತೋಟವೂ ಇಲ್ಲ. ತೀರ್ವೆ ಕಟ್ಟಿದ್ದು ಗದ್ದೆಗಾದರೂ ಗುಡ್ಡವಿಲ್ಲದ ಗದ್ದೆಯನ್ನು ಅವನು ಕಲ್ಪಿಸಿಕೊಂಡವನೇ ಅಲ್ಲ. ‘ನಮ್ಮ ಕುಮ್ಕಿ’ ಎಂಬ ಮಾತನ್ನು ಒತ್ತುವರಿಯ ಸಮರ್ಥನೆಯೆಂದು ತಳ್ಳಿಹಾಕುವ ಕಡತದ ಭಾಷೆ ಈ ಬೇಸಾಯದ ಕ್ರಮವನ್ನು ನೋಡಿಯೇ ಇಲ್ಲ ಎನ್ನಬೇಕು.

ಬಳಕೆಯಿಂದ ಹಕ್ಕು ಹುಟ್ಟುತ್ತದೆ ಎಂಬ ನಂಬಿಕೆಗೆ ಇಲ್ಲಿ ಇತ್ತೀಚಿನ ಆಧಾರವೂ ಇದೆ. ಗೇಣಿ ಸ್ಥಿರವಾಗಿದ್ದು ಮಕ್ಕಳಿಗೂ ದಾಟುತ್ತಿದ್ದ ಮೂಲಗೇಣಿಗೆ ಹೋಲಿಸಿದರೆ ಚಾಲಗೇಣಿ ಒಕ್ಕಲು ಧಣಿಯ ಮರ್ಜಿಯಲ್ಲಿ ಬದುಕಿದವನು. ದೇವರಾಜ ಅರಸರ ಕಾಲದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲುಗಳು ನಮೂನೆ 7ರಲ್ಲಿ ‘ಡಿಕ್ಲರೇಶನ್’ ಹಾಕಿದರು. ಅರ್ಜಿಯ ಕೊನೆಯ ಗಡುವು 1979ರ ಜೂನ್ 30ರವರೆಗೂ ಹೋಯಿತು. ವಕೀಲರಿಗೆ ಆಗ ಪ್ರವೇಶವಿಲ್ಲದ ಭೂ ನ್ಯಾಯಮಂಡಳಿಯಲ್ಲಿ ಗೇಣಿಚೀಟಿ ಇಲ್ಲದವನಿಗೆ ನೆರೆಯವರ ಮಾತೇ ಆಸರೆ. ಉತ್ತವನ ಹೆಸರಿಗೆ ದಾಖಲೆ ಹಿಂದಿನಿಂದ ಬಂದದ್ದನ್ನು ಕಂಡ ಮನೆತನಗಳು ಕುಮ್ಕಿಗೂ ಅದೇ ದಾರಿ ತೆರೆದೀತು ಎಂದು ಕಾಯುವುದರಲ್ಲಿ ಆಶ್ಚರ್ಯವೇನು?

ಆದರೆ ಆ ನೂರು ಗಜದಲ್ಲಿ ಇನ್ನೊಬ್ಬರೂ ಇದ್ದಾರೆ. ವರ್ಗವಿಲ್ಲದ ಕೂಲಿಯವರು ಕುಮ್ಕಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅವರ ಪಾಲಿಗೆ ಭದ್ರತೆಯೆಂದರೆ ಮನೆ ನಂಬ್ರ, ಕರೆಂಟು ಬಿಲ್ಲು, ರೇಷನ್ ಕಾರ್ಡು, ಮನೆಯ ಸಕ್ರಮಕ್ಕೆ ಹಾಕಿ ಕೈಯಲ್ಲಿರುವ 94ಸಿ ಅರ್ಜಿಯ ಸ್ವೀಕೃತಿ, ನಗರವಾದರೆ 94ಸಿಸಿ. ಕೃಷಿ ಮಾಡಿದವರಿಗೆ ಸಾಗುವಳಿ ಸಕ್ರಮದ ನಮೂನೆ 50, 53, 57. ವರ್ಗದಾರನ ತಕರಾರು ಬಂದರೆ ಮಂಜೂರಾತಿ ನಿಲ್ಲುತ್ತದೆ ಎಂಬ ಭಯ ಇವರದು; ಮಂಜೂರಾದರೆ ಸೊಪ್ಪಿನ ಗುಡ್ಡ ಹೋಯಿತು ಎಂಬುದು ಅವನದು.

ಪಡೀಲಿನಲ್ಲಿ ಈ ಎರಡು ಭಯಗಳ ತೂಕ ಇಂದು ಸಮಾನವಾಗಿಲ್ಲ. ಗದ್ದೆ ಲೇಔಟ್ ಆದ ಮೇಲೆ ಸೊಪ್ಪು ಕೊಯ್ಯುವವರಿಲ್ಲ. ಸವಲತ್ತಿನ ಕಾರಣ ಹೋಗಿ ದಾವೆ ಮಾತ್ರ ನಿಂತಿದೆ, ಅದೂ ಸೆಂಟ್ಸ್ ಲೆಕ್ಕದ ಬೆಲೆಯಲ್ಲಿ. ತೋಟ ಉಳಿದಿರುವ ಬೆಳ್ತಂಗಡಿ, ಪುತ್ತೂರು, ಸುಳ್ಯಗಳಲ್ಲಿ ವರ್ಗದಾರನ ವಾದಕ್ಕೆ ಇರುವ ಜೀವ ಇಲ್ಲಿ ಇಲ್ಲ. ಇಡೀ ಜಿಲ್ಲೆಗೆ ಒಂದೇ ಆದೇಶದಲ್ಲಿ ಕುಮ್ಕಿಯನ್ನು ವರ್ಗದಾರರಿಗೆ ಬರೆದುಕೊಡಬೇಕೆಂಬ ಬೇಡಿಕೆ ಈ ವ್ಯತ್ಯಾಸವನ್ನು ಮರೆಸುತ್ತದೆ. ನಗರದಂಚಿನ ಕುಮ್ಕಿಯಲ್ಲಿ ಮೊದಲು ಅಳತೆಯಾಗಬೇಕಾದದ್ದು ಈಗಾಗಲೇ ನಿಂತಿರುವ ಮನೆಗಳ ಅಡಿಪಾಯ. ಗಜದ ಲೆಕ್ಕ ಅದರ ನಂತರದ್ದು.