ಮುಂದೆ ಅಂಗಡಿ, ಹಿಂದೆ ಮನೆ: ಬೆಂಗಳೂರು ಪೇಟೆಯ ಬದುಕು

ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಬೆಂಗಳೂರಿಗೆ ಅಡಿಪಾಯ ಹಾಕಿದರು. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದ ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಬಿಟ್ಟರು, ಅವು ಎಳೆದ ಗೆರೆಗಳೇ ಊರಿನ ಮುಖ್ಯ ಬೀದಿಗಳಾದವು ಎಂಬ ಪ್ರತೀತಿ ಇದೆ. ದೊಡ್ಡಪೇಟೆಗೆ ಮುಂದೆ ಅವೆನ್ಯೂ ರಸ್ತೆ ಎಂಬ ಹೆಸರು ಬಂತು. ಚಿಕ್ಕಪೇಟೆ ಚಿಕ್ಕಪೇಟೆಯಾಗಿಯೇ ಉಳಿಯಿತು. ಈ ಎರಡು ಬೀದಿಗಳ ಆಚೀಚೆ ಒಂದೊಂದು ಕಸುಬಿಗೂ ಒಂದೊಂದು ಕೇರಿ ಬೆಳೆಯಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ ಎಂದು ಹೆಸರುಗಳನ್ನು ಓದುತ್ತಾ ಹೋದರೆ ಊರನ್ನು ಕಟ್ಟಿದವರ ಪಟ್ಟಿಯೇ ಸಿಗುತ್ತದೆ. ಅವರೆಲ್ಲ ಕೈಕಸುಬಿನವರು, ಸಣ್ಣ ವ್ಯಾಪಾರಿಗಳು.

ಪೇಟೆಯ ಮನೆಗಳ ಕಟ್ಟಡವೇ ಈ ಬದುಕಿಗೆ ತಕ್ಕಂತಿತ್ತು. ಬೀದಿಗೆ ಮುಖಮಾಡಿ ಅಂಗಡಿ ಅಥವಾ ಜಗಲಿ. ಅದರ ಹಿಂದೆ ಪಡಸಾಲೆ, ಅಡುಗೆಮನೆ, ಹಿತ್ತಿಲು. ಮಾಳಿಗೆ ಇದ್ದರೆ ಸರಕು ಅಲ್ಲಿಗೆ. ಗಾಣಿಗರ ಗಾಣ, ಕುಂಬಾರರ ತಿಗರಿ, ನೇಕಾರರ ಮಗ್ಗ ಎಲ್ಲವೂ ಮನೆಯ ಸೂರಿನಡಿಯಲ್ಲೇ. ಹೀಗಾಗಿ ಅಂಗಡಿಗೊಂದು ಬಾಡಿಗೆ, ಮನೆಗೊಂದು ಬಾಡಿಗೆ ಎಂಬ ಎರಡು ಹೊರೆ ಇರಲಿಲ್ಲ. ಕೈ ಬರಿದಾದಾಗ ಪಕ್ಕದ ಅಂಗಡಿಯವರು ಸಾಲಕ್ಕೆ ಸರಕು ಕೊಡುತ್ತಿದ್ದರು. ಮುಖಪರಿಚಯವೇ ಜಾಮೀನು. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ಹಿಡಿದಾಗ ಇಲ್ಲಿಯ ವ್ಯಾಪಾರಕ್ಕೆ ದೊಡ್ಡ ಪೆಟ್ಟು ಬಿತ್ತು. ಒಂಬತ್ತು ವರ್ಷದ ಮೇಲೆ, 1800ರಲ್ಲಿ, ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬಂದು ನೋಡುವ ಹೊತ್ತಿಗೆ ಮಗ್ಗಗಳೂ ಅಂಗಡಿಗಳೂ ಮತ್ತೆ ನಡೆಯುತ್ತಿದ್ದವು. ಪಟ್ಟೇಗಾರರು, ಖತ್ರಿಗಳು, ದೇವಾಂಗದವರು ನೇಯುವ ಬಟ್ಟೆಗಳನ್ನೂ ಪೇಟೆಗೆ ಬಂದುಹೋಗುವ ಸರಕನ್ನೂ ಅವನು ವಿವರವಾಗಿ ಬರೆದಿಟ್ಟಿದ್ದಾನೆ. ಯುದ್ಧದಲ್ಲಿ ನಲುಗಿದ ಊರು ಅಷ್ಟು ಬೇಗ ಎದ್ದು ನಿಂತದ್ದು ಇಂಥ ಸಾವಿರಾರು ಸಣ್ಣ ಮನೆಗಳ ದುಡಿಮೆಯಿಂದ.

ಸ್ವಂತ ಮನೆ ಇಲ್ಲದವರಿಗೆ ವಠಾರವಿತ್ತು. ಬೀದಿಯ ಕಡೆ ಮಾಲೀಕರ ಮನೆ, ಪಕ್ಕದಲ್ಲೊಂದು ಸಣ್ಣ ಓಣಿ, ಓಣಿಯ ಒಳಗೆ ಎದುರುಬದುರು ಸಾಲುಮನೆಗಳು. ಒಂದು ಕೋಣೆ, ಒಂದು ಅಡುಗೆಮನೆ ಇದ್ದರೆ ಒಂದು ಸಂಸಾರಕ್ಕೆ ಸಾಕು. ಬಚ್ಚಲು, ಕಕ್ಕಸು, ಬಾವಿ ಅಥವಾ ನಲ್ಲಿ ಎಲ್ಲರಿಗೂ ಸೇರಿದ್ದು. ಹೆಸರಘಟ್ಟದ ನೀರು 1896ರಲ್ಲಿ ಕೊಳಾಯಿಯಲ್ಲಿ ಊರಿಗೆ ಬಂದ ಮೇಲೆ ನಲ್ಲಿಯ ಮುಂದೆ ಬೆಳಗಿನ ಜಾವವೇ ಬಿಂದಿಗೆಗಳ ಸಾಲು ನಿಲ್ಲತೊಡಗಿತು. ಅಂಗಡಿಯ ಗುಮಾಸ್ತ, ದರ್ಜಿ, ಅಕ್ಕಸಾಲಿಗರ ಕೆಲಸಗಾರ, ಶಾಲಾ ಮೇಷ್ಟ್ರು, ಹೂ ಕಟ್ಟುವ ವಿಧವೆ ಎಲ್ಲರೂ ಅಲ್ಲಿದ್ದರು. ಇಕ್ಕಟ್ಟು, ಜಗಳ, ಮಡಿ ಮೈಲಿಗೆ, ಜಾತಿ ಕೇಳಿ ಮನೆ ಕೊಡುವ ಕೆಟ್ಟ ಪದ್ಧತಿ, ಇವೂ ಅದೇ ವಠಾರದಲ್ಲಿದ್ದವು. ಅದನ್ನು ಮರೆತು ಹೊಗಳುವುದು ಸರಿಯಲ್ಲ. ಆದರೂ ಸಣ್ಣ ಸಂಬಳದವರು ಕೆಲಸದ ಜಾಗಕ್ಕೆ ನಡೆದು ಹೋಗುವ ದೂರದಲ್ಲಿ ಬದುಕುವುದಕ್ಕೆ ಊರು ಕಂಡುಕೊಂಡಿದ್ದ ದಾರಿ ಅದು.

ಹೊರಗಿನಿಂದ ಬಂದವರಿಗೂ ಪೇಟೆಯವರು ಸೂರು ಕೊಟ್ಟರು. ಗುಬ್ಬಿಯಿಂದ ಬಂದು ಇಲ್ಲಿ ವ್ಯಾಪಾರದಲ್ಲಿ ಮುಂದೆ ಬಂದ ತೋಟದಪ್ಪನವರು ತಮ್ಮ ಗಳಿಕೆಯಲ್ಲಿ ರೈಲ್ವೆ ನಿಲ್ದಾಣದ ಎದುರು ಛತ್ರ ಕಟ್ಟಿಸಿದರು. 1903ರಲ್ಲಿ ಅದರ ಬಾಗಿಲು ತೆರೆಯಿತು. ಬಡ ವಿದ್ಯಾರ್ಥಿಗಳಿಗೆ ಅವರು ನಡೆಸಿದ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರು ಲೆಕ್ಕವಿಲ್ಲದಷ್ಟು.

ಮನೆಯೂ ದುಡಿಮೆಯೂ ಒಂದೇ ಕಡೆ ಇದ್ದ ಪೇಟೆಯ ಈ ವ್ಯವಸ್ಥೆಯನ್ನು 1898ರ ಪ್ಲೇಗು ಅಲುಗಿಸಿತು. ಒತ್ತೊತ್ತಾದ ಕೇರಿಗಳಲ್ಲಿ ರೋಗ ಹಬ್ಬಿ ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪೇಟೆಯ ಆಚೆ ಹೊಸ ಬಡಾವಣೆಯಾಗಿ ಚಾಮರಾಜಪೇಟೆ 1892ರಲ್ಲೇ ಸಿದ್ಧವಾಗಿತ್ತು. ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಎದ್ದವು. ಅಗಲ ರಸ್ತೆ, ಗಾಳಿ ಬೆಳಕು, ಮನೆಗೊಂದು ಕೈತೋಟ ಬಂದದ್ದು ಒಳ್ಳೆಯದೇ. 1909ರಲ್ಲಿ ಬೆಂಗಳೂರು ಗೃಹ ನಿರ್ಮಾಣ ಸಹಕಾರ ಸಂಘ ಹುಟ್ಟಿ, ಸಂಬಳದಾರರು ಒಟ್ಟುಗೂಡಿ ಮನೆ ಕಟ್ಟಿಕೊಳ್ಳುವ ದಾರಿಯನ್ನು ದೇಶಕ್ಕೇ ತೋರಿಸಿತು. ಆದರೆ ಬಡಾವಣೆಗೆ ಹೋಗಲು ಶಕ್ತಿ ಇದ್ದವರು ಹೋದರು, ಇಲ್ಲದವರು ಪೇಟೆಯಲ್ಲೇ ಉಳಿದರು. ಮನೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಎಂಬ ರೂಢಿ ಬೆಂಗಳೂರಿನಲ್ಲಿ ಆಗ ಬೇರೂರಿತು. 1945ರಲ್ಲಿ ಬಂದ ನಗರ ಸುಧಾರಣಾ ವಿಶ್ವಸ್ತ ಮಂಡಳಿ (ಸಿಐಟಿಬಿ), ಅದರ ಜಾಗಕ್ಕೆ 1976ರಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಇದೇ ದಾರಿಯಲ್ಲಿ ಬಡಾವಣೆಯ ಮೇಲೆ ಬಡಾವಣೆ ಮಾಡಿ ನಿವೇಶನ ಹಂಚಿದವು. ಕಡಿಮೆ ಬಾಡಿಗೆಯ ಮನೆ ಕಟ್ಟಿ ಉಳಿಸಿಕೊಳ್ಳುವ ಕೆಲಸಕ್ಕೆ ಅಷ್ಟೇ ಒತ್ತು ಸಿಗಲಿಲ್ಲ.

ಮನೆಯೂ ಕಸುಬೂ ಒಂದೇ ಸೂರಿನಡಿ ಇರುವುದನ್ನು ಇಂದಿಗೂ ನೋಡಬೇಕೆಂದರೆ ಕಬ್ಬನ್‌ಪೇಟೆಯ ಗಲ್ಲಿಗಳಿಗೆ ಹೋಗಬೇಕು. ಅಂಗಳದಲ್ಲಿ ನಿಂತರೆ ವಿದ್ಯುತ್ ಮಗ್ಗದ ಸದ್ದು ಎದೆಗೆ ತಾಗುತ್ತದೆ. ಕೆಳಗಿನ ಕೋಣೆಯಲ್ಲಿ ಎರಡು ಮಗ್ಗ, ಅವುಗಳ ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ಜಾಗ. ಮೇಲೆ ಜಕಾರ್ಡ್ ಪೆಟ್ಟಿಗೆ, ಅದರಿಂದ ಇಳಿಬಿದ್ದ ತೂತು ಹೊಡೆದ ರಟ್ಟಿನ ಸರಪಳಿ. ಒಂದೊಂದು ರಟ್ಟು ಸರಿದಂತೆ ಅಂಚಿನ ಜರಿಯಲ್ಲಿ ಹೂವೊ ಹಂಸವೊ ಸ್ವಲ್ಪ ಸ್ವಲ್ಪವಾಗಿ ಮೂಡುತ್ತದೆ. ನೇಯುವವರು ಕಣ್ಣಿಟ್ಟಿರುವುದು ಹಾಸಿನ ಮೇಲೆ. ಒಂದು ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಹಣಿಗೆಯಲ್ಲಿ ಆ ಎಳೆಯ ಜಾಗ ಹುಡುಕಿ, ಬೆರಳ ತುದಿಯಲ್ಲಿ ಹೊಸೆದು ಕೂಡಿಸಿ ಮತ್ತೆ ಚಾಲೂ ಮಾಡುತ್ತಾರೆ. ಗೋಡೆಯ ಆಚೆ ಅಡುಗೆಮನೆ. ಮಧ್ಯಾಹ್ನ ಕೆಲಸ ಮುಗಿಸಿದ ಹೆಂಗಸರು ಲಾಳಿಗೆ ನೂಲು ಸುತ್ತಿಕೊಡುತ್ತಾರೆ. ಹೆಚ್ಚಿನವರದು ಸಾವುಕಾರರಿಂದ ರೇಷ್ಮೆ, ಜರಿ ತಂದು ಸೀರೆಗಿಷ್ಟು ಎಂದು ಕೂಲಿಗೆ ನೇಯುವ ಬದುಕು. ಅಲ್ಲಿ ನೇಯ್ದ ಸೀರೆ ಕೂಗಳತೆಯ ಚಿಕ್ಕಪೇಟೆಯ ಅಂಗಡಿಯಲ್ಲಿ ಮದುವೆಯ ಸೀರೆಯಾಗಿ ಮಾರಾಟವಾಗುತ್ತದೆ. ಈ ಮಗ್ಗಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕೂಲಿ ಸಾಲದು, ಮಕ್ಕಳಿಗೆ ಈ ಕೆಲಸ ಬೇಡ. ಅದೇ ಜಾಗವನ್ನು ಗೋದಾಮಿಗೆ ಕೊಟ್ಟರೆ ಬರುವ ಬಾಡಿಗೆ ನೇಯ್ಗೆಯಿಂದ ಬರುವುದಿಲ್ಲ.

ಇದೇ ಲೆಕ್ಕ ಇಡೀ ಪೇಟೆಯನ್ನು ಬದಲಿಸುತ್ತಿದೆ. ವಠಾರ ಕೆಡವಿದ ಜಾಗದಲ್ಲಿ ನಾಲ್ಕೈದು ಅಂತಸ್ತಿನ ಮಳಿಗೆ ಏಳುತ್ತದೆ. ಅಂಗಡಿಗೆ ಮುಂಗಡ, ಪಗಡಿ ಕೊಡಬಲ್ಲವರು ಬರುತ್ತಾರೆ. ಕೆಲಸದ ಹುಡುಗರೂ ಹಮಾಲಿಗಳೂ ಊರಾಚೆಯಿಂದ ಬಸ್ಸು ಹಿಡಿದು ಬರುತ್ತಾರೆ. ಚೈತ್ರ ಹುಣ್ಣಿಮೆಯ ರಾತ್ರಿ ನಗರ್ತಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಟು ಪೇಟೆಯ ಬೀದಿ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುವಾಗ ಬಾಗಿಲಲ್ಲಿ ನಿಂತು ಮಲ್ಲಿಗೆ ಎರಚುವವರಲ್ಲಿ ಎಷ್ಟೋ ಮಂದಿ ಇಲ್ಲಿಂದ ಎದ್ದುಹೋದ ಮನೆತನದವರು. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೊ ಬಂತು. ಗಿರಾಕಿಗಳಿಗೆ ಅನುಕೂಲವಾಯಿತು, ಜಾಗದ ಬೆಲೆಯೂ ಏರಿತು.

ಬೀದಿಯ ವ್ಯಾಪಾರಿಗಳ ಪಾಡೂ ಬೇರೆಯಲ್ಲ. 1928ರ ಕೆ.ಆರ್. ಮಾರುಕಟ್ಟೆಯ ಸುತ್ತ ಹೂವು, ಸೊಪ್ಪು, ಬಾಳೆಎಲೆ ಮಾರುವವರು ನಡುರಾತ್ರಿಯ ನಂತರ ಸಗಟು ಕೊಂಡು ಬೆಳಕು ಹರಿಯುವ ಮೊದಲೇ ಕೂರುತ್ತಾರೆ. ಬಂಡವಾಳಕ್ಕೆ ಅವರು ಬಡ್ಡಿಯವರ ಕೈ ನೋಡಬೇಕು. ನಮ್ಮ ನಾಡಿಗೆ ಇದಕ್ಕೆ ಉತ್ತರ ಗೊತ್ತಿಲ್ಲದೆ ಇಲ್ಲ. ನೇಕಾರರ ನೆರವಿಗೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 1928ರಲ್ಲಿ ಅದು ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರುಮಾಡಿ, ದಿನಕ್ಕೆ ಎರಡಾಣೆಯನ್ನೂ ಬಾಗಿಲಿಗೆ ಹೋಗಿ ಕೂಡಿಸಿತು. 2018ರಲ್ಲಿ ರಾಜ್ಯ ಸರ್ಕಾರದ ‘ಬಡವರ ಬಂಧು’ ಯೋಜನೆ ಬೀದಿ ವ್ಯಾಪಾರಿಗಳಿಗೆ ಹತ್ತು ಸಾವಿರ ರೂಪಾಯಿಯವರೆಗೆ ಬಡ್ಡಿಯಿಲ್ಲದ ಸಾಲದ ಭರವಸೆ ಕೊಟ್ಟಿತು. ಬೀದಿ ವ್ಯಾಪಾರಿಗಳಿಗೆಂದೇ ಬಂದ 2014ರ ಕೇಂದ್ರ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಬೀದಿ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಅದೇ ಕಾಯ್ದೆ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ ನಲವತ್ತರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು.

ಬಾಡಿಗೆ ಕಾನೂನೂ ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಹದಿನಾಲ್ಕು ಚದರ ಮೀಟರ್ ಮೀರದ ಸಣ್ಣ ಅಂಗಡಿಗೆ ರಕ್ಷಣೆ ಕೊಟ್ಟಿತು. ಬೆಂಗಳೂರಿನ ಮನೆಗಳಿಗೆ ಅದು ಹಾಕಿದ ಮಿತಿ ತಿಂಗಳಿಗೆ 3,500 ರೂಪಾಯಿ. ಅದಕ್ಕಿಂತ ಹೆಚ್ಚು ಬಾಡಿಗೆಯ ಮನೆಗೆ ಆ ರಕ್ಷಣೆ ಇಲ್ಲ. ಇಂದು ಅಷ್ಟು ದುಡ್ಡಿಗೆ ಪೇಟೆಯಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ.

ಪೇಟೆಯ ಚರಿತ್ರೆ ಹೇಳುವುದು ಇಷ್ಟು: ದುಡಿಯುವವರಿಗೆ ಅಂಗಡಿಯೂ ಮನೆಯೂ ಕೈಗೆಟುಕಿದಾಗ ಈ ಊರು ಬೆಳೆದಿದೆ. ಹಳೆಯ ವಠಾರ ಕೆಡವಿ ಕಟ್ಟುವವರು ಹೊಸ ಕಟ್ಟಡದಲ್ಲಿ ಕೆಲವು ಸಣ್ಣ ಮಳಿಗೆಗಳನ್ನೂ ಕಡಿಮೆ ಬಾಡಿಗೆಯ ಮನೆಗಳನ್ನೂ ಉಳಿಸಲೇಬೇಕೆಂಬ ನಿಯಮ ಬರಲಿ. ಪೇಟೆಯೊಳಗಿನ ಸರ್ಕಾರಿ ಜಾಗದಲ್ಲಿ ಮತ್ತೊಂದು ವಾಣಿಜ್ಯ ಸಂಕೀರ್ಣದ ಬದಲು ಕೆಲಸಗಾರರಿಗೆ ಬಾಡಿಗೆ ಮನೆ ಏಳಲಿ. ಕಬ್ಬನ್‌ಪೇಟೆಯ ನೇಕಾರರಿಗೆ ಮಗ್ಗದ ಜೊತೆ ಮನೆಯೂ ಉಳಿಯುವಂತೆ ಸಾಲ ಸಿಗಲಿ. ಬೀದಿ ವ್ಯಾಪಾರಿಗಳ ಸಮಿತಿ ಕಾಗದದಿಂದ ಎದ್ದು ಬಂದು ಸಭೆ ಸೇರಲಿ. ಇವನ್ನು ಮಾಡಲು ಹಣಕ್ಕಿಂತ ಮುಂಚೆ ಬೇಕಾದದ್ದು ಮನಸ್ಸು. ಪೇಟೆಯಲ್ಲಿ ಸೀರೆ, ಹೂವು, ಪುಸ್ತಕ ಕೊಳ್ಳುವ ನಾವೆಲ್ಲರೂ ನಮ್ಮ ಜನಪ್ರತಿನಿಧಿಗಳನ್ನು ಇದಕ್ಕಾಗಿ ಒತ್ತಾಯಿಸಬೇಕು.