ಕೆಲಸಕ್ಕೆ ಸೈಕಲ್: ಆರಂಭಿಸುವ ಮುನ್ನ ತಿಳಿಯಬೇಕಾದದ್ದು

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಪಟ್ಟಣಗಳು ವಿಸ್ತಾರದಲ್ಲಿ ಚಿಕ್ಕವು. ಮನೆಯಿಂದ ತಾಲ್ಲೂಕು ಕಚೇರಿ, ಶಾಲೆ, ಬ್ಯಾಂಕ್ ಅಥವಾ ಪೇಟೆಗೆ ಸೈಕಲ್ ತುಳಿದು ಹೋಗುವುದು ಇಲ್ಲಿ ಕಷ್ಟವಲ್ಲ. ಗಂಟೆಗೆ 12ರಿಂದ 15 ಕಿ.ಮೀ. ವೇಗದಲ್ಲಿ ಸಾಗಿದರೂ 5 ಕಿ.ಮೀ. ಕ್ರಮಿಸಲು 20ರಿಂದ 25 ನಿಮಿಷ ಸಾಕು.

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿನಿಯರಿಗೆ ಉಚಿತ ಸೈಕಲ್ ವಿತರಣೆ ಆರಂಭಿಸಿ, ನಂತರ ಬಾಲಕರಿಗೂ ವಿಸ್ತರಿಸಿತು. ಕೋವಿಡ್ ಹಿನ್ನೆಲೆಯಲ್ಲಿ 2020-21ರಿಂದ ವಿತರಣೆ ನಿಂತಿತು. ಮೊದಲ ವರ್ಷ ಸೈಕಲ್ ಪಡೆದ ಬಾಲಕಿಯರು ಇಂದು ಮೂವತ್ತು ದಾಟಿ, ಉದ್ಯೋಗ ಮಾಡುವ ವಯಸ್ಸಿನಲ್ಲಿದ್ದಾರೆ. ಸವಾರಿ ಕಲಿತವರಿಗೆ ಬೇಕಿರುವುದು ಮತ್ತೆ ರೂಢಿಯಷ್ಟೇ.

ಉಳಿತಾಯ

ದಿನಕ್ಕೆ 10 ಕಿ.ಮೀ.ನಂತೆ ತಿಂಗಳಿಗೆ 25 ದಿನ ಓಡಾಡಿದರೆ 250 ಕಿ.ಮೀ. ಆಗುತ್ತದೆ. ಲೀಟರಿಗೆ 50 ಕಿ.ಮೀ. ಓಡುವ ಬೈಕಿಗೆ ಇದಕ್ಕೆ 5 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಎಂದು ಹಿಡಿದರೂ 500 ರೂ. ಉಳಿಯುತ್ತದೆ. ಸೈಕಲ್ಲಿಗೆ ಚಾಲನಾ ಪರವಾನಗಿಯಾಗಲಿ, ವಿಮೆಯಾಗಲಿ ಬೇಕಿಲ್ಲ.

ಸೈಕಲ್ ಸಿದ್ಧತೆ

ಸಮತಟ್ಟು ರಸ್ತೆಗೆ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಇರುವ ಸಾದಾ ಸೈಕಲ್ ಸಾಕು. ಏರಿಳಿತ ಹೆಚ್ಚಿರುವೆಡೆ ಗೇರ್ ಸೈಕಲ್ ಅನುಕೂಲ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಎತ್ತರಕ್ಕೆ ಸೀಟು ಇರಬೇಕು. ತಗ್ಗಾಗಿದ್ದರೆ ಮೊಣಕಾಲು ನೋಯುತ್ತದೆ. ಗಾಳಿಯ ಪ್ರಮಾಣ ಟೈರಿನ ಬದಿಯಲ್ಲೇ ಮುದ್ರಿತವಾಗಿರುತ್ತದೆ. ಬ್ರೇಕ್, ಗಾಳಿ, ಚೈನಿನ ಎಣ್ಣೆಯನ್ನು ವಾರಕ್ಕೊಮ್ಮೆ ನೋಡಿಕೊಳ್ಳಬೇಕು. ಜಾಲಿಮುಳ್ಳಿನ ಹಾದಿಯಲ್ಲಿ ಪಂಕ್ಚರ್ ಸಾಮಾನ್ಯವಾದ್ದರಿಂದ ಪಂಪು ಮತ್ತು ತೇಪೆ ಹಾಕುವ ಸಾಮಗ್ರಿ ಜೊತೆಗಿರಲಿ.

ಮಳೆ, ಮಣ್ಣು

ಅರೆಮಲೆನಾಡಿನ ಸೆರಗಿನಲ್ಲಿರುವ ಹಾನಗಲ್‌ನಲ್ಲಿ ಮುಂಗಾರಿನ ಮಳೆ ಹೆಚ್ಚು. ತೊಯ್ದ ರಿಮ್ಮಿಗೆ ಬ್ರೇಕ್ ತಡವಾಗಿ ಹಿಡಿಯುವುದರಿಂದ ವೇಗ ತಗ್ಗಿಸಬೇಕು. ಸವಣೂರು ಕಡೆಯ ಎರೆಮಣ್ಣಿನ ದಾರಿಯಲ್ಲಿ ಮಳೆ ಬಿದ್ದರೆ ಮಡ್‌ಗಾರ್ಡ್ ಮತ್ತು ಚಕ್ರದ ನಡುವೆ ಮಣ್ಣು ಮೆತ್ತಿ ಸೈಕಲ್ ನಿಂತುಬಿಡುತ್ತದೆ. ಆ ದಿನಗಳಲ್ಲಿ ಸುತ್ತಾದರೂ ಡಾಂಬರು ರಸ್ತೆಯೇ ಲೇಸು. ಬೇಸಿಗೆಯಲ್ಲಿ ಹತ್ತು ನಿಮಿಷ ಬೇಗ ಹೊರಟು, ನೀರಿನ ಬಾಟಲಿ ಮತ್ತು ಒಂದು ಜೊತೆ ಬಟ್ಟೆ ಒಯ್ಯುವುದು ಉತ್ತಮ.

ಸುರಕ್ಷತೆ

ರಾಷ್ಟ್ರೀಯ ಹೆದ್ದಾರಿ 48 ಶಿಗ್ಗಾವಿ ಮೂಲಕ ಹಾದುಹೋಗುತ್ತದೆ. ಸರ್ವೀಸ್ ರಸ್ತೆ ಇರುವಲ್ಲಿ ಅದನ್ನೇ ಬಳಸಬೇಕು. ಹತ್ತಿರವಾಗುತ್ತದೆಂದು ಎದುರು ದಿಕ್ಕಿನಲ್ಲಿ ಸಾಗುವುದು ಪ್ರಾಣಾಪಾಯಕಾರಿ. ಸುಗ್ಗಿಯ ದಿನಗಳಲ್ಲಿ ಕಬ್ಬು, ಗೋವಿನಜೋಳ ಹೊತ್ತ ಟ್ರ್ಯಾಕ್ಟರುಗಳನ್ನು ಎಡಗಡೆಯಿಂದ ಹಿಂದಿಕ್ಕಬಾರದು. ಸಂಜೆ ಮರಳುವವರಿಗೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಾಗೂ ರಿಫ್ಲೆಕ್ಟರ್ ಅವಶ್ಯ. ತಿಳಿಬಣ್ಣದ ಅಂಗಿ, ಹೆಲ್ಮೆಟ್ ಧರಿಸುವುದು ಕ್ಷೇಮ.

ಬಸ್ಸಿನೊಂದಿಗೆ

ದೂರದಿಂದ ಬರುವವರು ಹಳ್ಳಿಯಿಂದ ಬಸ್ ನಿಲ್ದಾಣದವರೆಗೆ ಸೈಕಲ್, ಮುಂದೆ ಬಸ್ ಬಳಸಬಹುದು. 2023ರ ಜೂನ್ 11ರಂದು ಜಾರಿಗೊಂಡ ‘ಶಕ್ತಿ’ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್‌ಗಳಲ್ಲಿ ಪ್ರಯಾಣ ಉಚಿತ. ನಿಲ್ದಾಣದಲ್ಲಿ ಸೈಕಲ್ ಬಿಡುವಾಗ ಚಕ್ರದ ಬೀಗದ ಜೊತೆಗೆ ಸರಪಳಿಯಿಂದ ಕಂಬಕ್ಕೆ ಕಟ್ಟುವುದು ಸೂಕ್ತ.

ಮೊದಲ ವಾರ ಎರಡು ದಿನ ಮಾತ್ರ ಸೈಕಲ್ಲಿನಲ್ಲಿ ಹೋಗಿ, ದೇಹ ಒಗ್ಗಿದಂತೆ ದಿನಗಳನ್ನು ಹೆಚ್ಚಿಸಬೇಕು. ಅದಕ್ಕೂ ಮುನ್ನ ಒಂದು ಭಾನುವಾರ ಅದೇ ದಾರಿಯಲ್ಲಿ ಹೋಗಿಬಂದರೆ ತಗುಲುವ ಸಮಯ, ಗುಂಡಿ, ತಿರುವುಗಳ ಅಂದಾಜು ಸಿಗುತ್ತದೆ. ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು.